ಬಿರುಕು ಬಿಟ್ಟ ದನಿಗಳು

ಗಾಥಿಕ್ ಕಥೆ ಎಂದೊಡನೆ ಪಾಳುಬಿದ್ದ ಬಂಗಲೆ, ಬಿರುಗಾಳಿಯ ರಾತ್ರಿ, ನೆಲಮಾಳಿಗೆ, ಕಿರುಗುಟ್ಟುವ ಬಾಗಿಲು ಕಣ್ಣಮುಂದೆ ಬರುತ್ತವೆ. ಹೊರೇಸ್ ವಾಲ್‌ಪೋಲ್ 1764ರ ಕೊನೆಯಲ್ಲಿ ‘ದ ಕ್ಯಾಸಲ್ ಆಫ್ ಒಟ್ರಾಂಟೊ’ ಕಾದಂಬರಿಯನ್ನು ಹೊರತಂದು, ಮರುವರ್ಷದ ಮುದ್ರಣಕ್ಕೆ ಗಾಥಿಕ್ ಕಥೆಯೆಂಬ ಉಪಶೀರ್ಷಿಕೆ ಕೊಟ್ಟಾಗಿನಿಂದ ಈ ಸರಂಜಾಮೆಲ್ಲ ಇಂಗ್ಲಿಷ್ ಕಥೆಗಾರರ ಉಗ್ರಾಣದಲ್ಲಿ ಸಿದ್ಧವಾಗಿಯೇ ಇದೆ. ಆದರೆ ಒಮ್ಮೆ ಹೆದರಿಸಿದ ಬಾಗಿಲು ಎರಡನೆಯ ಓದಿಗೆ ಹೆದರಿಸುವುದಿಲ್ಲ. ಅದರ ಹಿಂದೆ ಏನಿದೆಯೆಂದು ನಮಗೆ ಗೊತ್ತಾಗಿರುತ್ತದೆ. ಹಾಗಿದ್ದೂ ಕೆಲವು ಸಣ್ಣ ಕಥೆಗಳು ಕೊನೆ ತಿಳಿದ ಮೇಲೆಯೇ ಹೆಚ್ಚು ಕಾಡುತ್ತವೆ. ಅವುಗಳಲ್ಲಿ ಭಯ ಮನೆಯೊಳಗಿಂತ ಹೆಚ್ಚಾಗಿ ಕಥೆ ಹೇಳುವವರ ಮಾತಿನಲ್ಲಿ ಮನೆಮಾಡಿದೆ. ಅವರು ಮುಚ್ಚಿಡಲು ನೋಡಿದ್ದನ್ನು ಅವರ ವಾಕ್ಯಗಳೇ ಬಿಟ್ಟುಕೊಡುತ್ತವೆ.

ಎಡ್ಗರ್ ಅಲನ್ ಪೋ 1839ರಲ್ಲಿ ಪ್ರಕಟಿಸಿದ ‘ದ ಫಾಲ್ ಆಫ್ ದ ಹೌಸ್ ಆಫ್ ಅಷರ್’ ಈ ಬಗೆಯ ಕಥೆಗಳಿಗೆ ಮೇಲ್ಪಂಕ್ತಿ. ಬಾಲ್ಯದ ಗೆಳೆಯ ರಾಡರಿಕ್ ಅಷರ್‌ನ ಪತ್ರಕ್ಕೆ ಓಗೊಟ್ಟು ಹೆಸರಿಲ್ಲದ ನಿರೂಪಕನೊಬ್ಬ ಶರತ್ಕಾಲದ ಸಂಜೆ ಕುದುರೆಯೇರಿ ಆ ಮನೆಗೆ ಬರುತ್ತಾನೆ. ಕಥೆಯ ಮೊದಲ ವಾಕ್ಯವನ್ನು ಮೂಲದಲ್ಲಿ ಗಟ್ಟಿಯಾಗಿ ಓದಿ ಕೇಳಬೇಕು. ಉದ್ದನೆಯ ವಾಕ್ಯ, ‘ಡ’ಕಾರ ಮತ್ತೆ ಮತ್ತೆ ಬಡಿಯುತ್ತದೆ, ಅಲ್ಪವಿರಾಮಗಳು ಹೆಜ್ಜೆಹೆಜ್ಜೆಗೂ ತಡೆಯುತ್ತವೆ, ಮನೆ ಕಾಣಿಸುವುದು ಕೊಟ್ಟಕೊನೆಗೆ. ಸವಾರನ ದಣಿವು, ದಿನದ ಭಾರ ಅರ್ಥಕ್ಕಿಂತ ಮೊದಲೇ ಉಸಿರಾಟದ ಮೂಲಕ ಓದುಗನಿಗೆ ತಟ್ಟುತ್ತವೆ. ಶೂನ್ಯ ಕಣ್ಣುಗಳಂಥ ಕಿಟಕಿಗಳನ್ನು ಕಂಡು ನಿರೂಪಕ ನಡುಗುತ್ತಾನೆ. ಆ ನಡುಕವನ್ನು ಕಳೆಯಲೆಂದು ಮನೆಯ ಮುಂದಿನ ಕಪ್ಪು ಕೊಳದಲ್ಲಿ ಅದರ ಪ್ರತಿಬಿಂಬವನ್ನು ನೋಡುತ್ತಾನೆ. ನಡುಕ ಇಮ್ಮಡಿಯಾಗುತ್ತದೆ. ಸೂರಿನಿಂದ ನೀರಿನವರೆಗೆ ಅಂಕುಡೊಂಕಾಗಿ ಇಳಿದ, ಕಂಡೂ ಕಾಣದಂಥ ಒಂದು ಬಿರುಕು ಗೋಡೆಯಲ್ಲಿದೆ. ಅದನ್ನು ನಮಗೆ ತೋರಿಸಿ ಅವನು ಸುಮ್ಮನೆ ಒಳಗೆ ನಡೆಯುತ್ತಾನೆ.

ಈ ನಿರೂಪಕ ವಿವೇಕಿಯೆಂದು ನಂಬಿಯೇ ನಾವು ಅವನ ಬೆನ್ನುಹಿಡಿಯುತ್ತೇವೆ. ಎಲ್ಲಕ್ಕೂ ಅವನಲ್ಲಿ ಕಾರಣವಿದೆ: ಕಳವಳಕ್ಕೆ ಕೋಣೆಯ ಕತ್ತಲು ಕಾರಣ, ಬಿರುಗಾಳಿಯ ವಿಚಿತ್ರ ಬೆಳಕಿಗೆ ವಿದ್ಯುತ್ತೋ ಕೊಳದ ಆವಿಯೋ ಕಾರಣ. ರಾಡರಿಕ್‌ನ ಅವಳಿ ಸೋದರಿ ಮ್ಯಾಡಲಿನ್‌ಗೆ ದೇಹ ಮರಗಟ್ಟಿ ಸತ್ತಂತೆ ಕಾಣುವ ಕಾಯಿಲೆ. ಅವಳು ತೀರಿಕೊಂಡಳೆಂದು ರಾಡರಿಕ್ ಹೇಳುತ್ತಾನೆ. ಗೆಳೆಯರಿಬ್ಬರೇ ಶವಪೆಟ್ಟಿಗೆಯನ್ನು ನೆಲಮಾಳಿಗೆಗೆ ಹೊತ್ತೊಯ್ಯುತ್ತಾರೆ. ಹಿಂದೆ ಮದ್ದುಗುಂಡು ಇಡುತ್ತಿದ್ದ, ತಾಮ್ರದ ಹೊದಿಕೆಯ ಆ ಕೋಣೆ ನಿರೂಪಕ ಮಲಗುವ ಕೋಣೆಯ ನೇರ ಕೆಳಗಿದೆ. ಅಲ್ಲಿ ಅವನು ಅವಳ ಮುಖವನ್ನು ನೋಡುತ್ತಾನೆ. ಕೆನ್ನೆಯಲ್ಲಿ ನಸುಗೆಂಪು. ಅದಕ್ಕೂ ಅವನಲ್ಲಿ ಕಾರಣ ಸಿದ್ಧ: ಈ ಕಾಯಿಲೆಯಲ್ಲಿ ಹಾಗಾಗುವುದು ಸಹಜವಂತೆ. ಮುಂದಿನ ವಾಕ್ಯದಲ್ಲಿ ಮುಚ್ಚಳಕ್ಕೆ ತಿರುಪು ಬಿಗಿದಾಗಿದೆ.

ಇಡೀ ಕಥೆಯಲ್ಲಿ ನನ್ನ ಬೆನ್ನುಹುರಿಯನ್ನು ತಣ್ಣಗಾಗಿಸುವ ಜಾಗ ಇದೇ. ಬಿರುಗಾಳಿಯ ರಾತ್ರಿ ನಿರೂಪಕ ಗೆಳೆಯನನ್ನು ಸಮಾಧಾನಪಡಿಸಲೆಂದು ಒಂದು ವೀರಕಥೆಯನ್ನು ಓದುತ್ತಾನೆ. ಅದರಲ್ಲಿ ಬಾಗಿಲು ಒಡೆದಾಗ, ಡ್ರ್ಯಾಗನ್ ಕಿರುಚಿದಾಗ, ಗುರಾಣಿ ನೆಲಕ್ಕೆ ಬಿದ್ದಾಗ, ಅದಕ್ಕೆ ಸರಿಯಾಗಿ ಮನೆಯ ಆಳದಿಂದಲೂ ಸದ್ದು ಬರುತ್ತದೆ: ಜೀವಂತವಾಗಿಯೇ ಪೆಟ್ಟಿಗೆ ಸೇರಿದ್ದ ಮ್ಯಾಡಲಿನ್ ಎದ್ದು ಬರುತ್ತಿದ್ದಾಳೆ. ಆ ಮೂರು ಸದ್ದುಗಳ ಜೋಡಣೆ ಅಪೂರ್ವ ಕುಶಲತೆಯದು, ನಿಜ. ಆದರೆ ಕೆನ್ನೆಯ ಕೆಂಪನ್ನು ಕಂಡೂ ವಿವೇಕದ ಭಾಷೆಯಲ್ಲಿ ದಾಟಿಹೋದ ಆ ಒಂದು ವಾಕ್ಯದ ಮುಂದೆ ಬಿರುಗಾಳಿಯೂ ಸಪ್ಪೆ. ಕೊನೆಯಲ್ಲಿ ರಾಡರಿಕ್ ಈ ವಿವೇಕಿಯನ್ನೇ ಹುಚ್ಚನೆಂದು ಕರೆಯುತ್ತಾನೆ. ಮೊದಲ ಓದಿನಲ್ಲಿ ಅದು ರೋಗಿಯ ಪ್ರಲಾಪ. ಎರಡನೆಯ ಓದಿನಲ್ಲಿ ಅದು ತೀರ್ಪು.

1842ರಲ್ಲಿ ಹಾಥಾರ್ನ್‌ನ ಕಥೆಗಳನ್ನು ವಿಮರ್ಶಿಸುತ್ತ ಪೋ ತನ್ನ ತತ್ವವನ್ನು ಬಿಡಿಸಿ ಹೇಳಿದ್ದಾನೆ: ಸಣ್ಣ ಕಥೆ ಒಂದೇ ಕೂರಿಕೆಯಲ್ಲಿ ಓದಿ ಮುಗಿಯಬೇಕು, ಮೊದಲ ವಾಕ್ಯದಿಂದಲೇ ಒಂದೇ ಪರಿಣಾಮದ ಕಡೆಗೆ ನಡೆಯಬೇಕು, ಆ ಪರಿಣಾಮಕ್ಕೆ ಒದಗದ ಒಂದು ಪದವೂ ಇರಬಾರದು. ರಸವನ್ನು ಕಾವ್ಯದ ಜೀವವೆಂದು ನಂಬಿ ಬೆಳೆದ ನಮಗೆ ಈ ಮಾತು ಅಪರಿಚಿತವಲ್ಲ. ಭರತನ ಪಟ್ಟಿಯಲ್ಲಿ ಭಯಾನಕವೂ ಒಂದು ರಸ. ಭಯ ಅದರ ಸ್ಥಾಯಿಭಾವ. ಆದರೆ ಪೋನ ಕಥೆಯಲ್ಲಿ ಹೆದರಬೇಕಾದವನು ಹೆದರಿಕೆಯನ್ನು ವಿವರಣೆಯ ಕೆಳಗೆ ಹುಗಿಯುತ್ತಾನೆ. ಹುಗಿದಷ್ಟೂ ಅದು ಓದುಗನಲ್ಲಿ ಏಳುತ್ತದೆ.

ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ ‘ದ ಯೆಲ್ಲೋ ವಾಲ್‌ಪೇಪರ್’ನಲ್ಲಿ ವಿವರಣೆಗಳೆಲ್ಲ ಗಂಡನವು. ಅವನು ವೈದ್ಯ, ಹೆಸರು ಜಾನ್. ಹೆರಿಗೆಯಾಗಿ ಹೆಚ್ಚು ದಿನವಾಗದ ಹೆಂಡತಿಯ ನರದೌರ್ಬಲ್ಯಕ್ಕೆ ವಿಶ್ರಾಂತಿಯೇ ಮದ್ದೆಂದು ಹಳೆಯ ಮಹಲೊಂದನ್ನು ಬಾಡಿಗೆಗೆ ಹಿಡಿದು, ಮೇಲಿನ ಮಹಡಿಯಲ್ಲಿ ಇರಿಸಿದ್ದಾನೆ. ಕಿಟಕಿಗಳಿಗೆ ಸರಳು, ಗೋಡೆಯಲ್ಲಿ ಬಳೆಗಳು, ನೆಲಕ್ಕೆ ಮೊಳೆ ಹೊಡೆದ ಮಂಚ, ಕೊಳೆತ ಹಳದಿಯ ಗೋಡೆಕಾಗದ. ಅದು ಹಿಂದೆ ಮಕ್ಕಳ ಕೋಣೆಯಾಗಿದ್ದಿರಬೇಕೆಂದು ಅವಳು ನಂಬುತ್ತಾಳೆ. ಬರೆಯುವುದಕ್ಕೆ ನಿಷೇಧವಿದೆ, ಆದ್ದರಿಂದ ಕದ್ದು ಬರೆಯುತ್ತಾಳೆ. ಯಾರಾದರೂ ಬಂದರೆ ಬಚ್ಚಿಡುತ್ತಾಳೆ. ನಾವು ಓದುತ್ತಿರುವುದು ಆ ಕದ್ದ ಬರಹವನ್ನೇ.

ಇಲ್ಲಿನ ಭಾಷೆ ಪೋನ ಅಲಂಕೃತ ಗದ್ಯಕ್ಕೆ ತೀರ ದೂರದ್ದು. ಒಂದೆರಡು ವಾಕ್ಯಕ್ಕೇ ಪ್ಯಾರಾ ಮುಗಿಯುತ್ತದೆ, ಬಾಗಿಲಲ್ಲಿ ಹೆಜ್ಜೆ ಸಪ್ಪಳ ಕೇಳಿ ಲೇಖನಿ ಕೆಳಗಿಟ್ಟ ಹಾಗೆ. ಮೊದಲ ಪುಟಗಳಲ್ಲಿ ಜಾನ್ ಹೀಗನ್ನುತ್ತಾನೆ, ಜಾನ್ ಹಾಗನ್ನುತ್ತಾನೆ ಎಂಬುದೇ ಪಲ್ಲವಿ. ತನಗೆ ಅನ್ನಿಸಿದ್ದನ್ನು ಹೇಳಿ ಕೂಡಲೇ ಹಿಂತೆಗೆಯುತ್ತಾಳೆ. ಗಂಡ ತನ್ನನ್ನು ನೋಡಿ ನಗುವುದನ್ನೂ ದಾಂಪತ್ಯದ ಸಹಜ ಕ್ರಮವೆಂಬಂತೆ ಒಪ್ಪುತ್ತಾಳೆ. ಪುಟ ತಿರುವಿದಂತೆ ಅವಳ ‘ನಾನು’ ಬಲಿಯುತ್ತದೆ, ಅನುಮಾನಗಳು ಉದುರುತ್ತವೆ, ವಾಕ್ಯಗಳು ನಿಖರವಾಗುತ್ತವೆ. ಕಾಗದದ ವಿನ್ಯಾಸದ ಹಿಂದೆ ಹೆಂಗಸೊಬ್ಬಳು ಸರಳು ಹಿಡಿದು ಅಲುಗಾಡಿಸುತ್ತಿರುವುದು ಕಾಣುತ್ತದೆ. ಬುದ್ಧಿ ಜಾರುತ್ತ ಹೋದಂತೆ ದನಿ ಗಟ್ಟಿಯಾಗುವ ಈ ಏರಿಳಿತ ಗಿಲ್ಮನ್‌ಳ ದೊಡ್ಡ ಸಾಧನೆ. ಕೋಣೆಯ ಗೋಡೆಯ ತಳದಲ್ಲಿ ಯಾರೋ ಉಜ್ಜಿದಂಥ ಉದ್ದನೆಯ ಗುರುತಿದೆ. ಯಾರು ಮಾಡಿದ್ದಿರಬಹುದೆಂದು ಅವಳು ಬೆರಗಾಗುತ್ತಾಳೆ. ಕೊನೆಯಲ್ಲಿ ಅವಳು ನೆಲದ ಮೇಲೆ ತೆವಳುವಾಗ ಅವಳ ಭುಜ ಆ ಗುರುತಿಗೆ ಸರಿಯಾಗಿ ಹೊಂದುತ್ತದೆ. ಹಾಗಾದರೆ ಆ ಬೆರಗಿನ ಮಾತು ಬರೆಯುವಾಗಲೇ ಅವಳು ತೆವಳಲು ಶುರುಮಾಡಿದ್ದಳೇ? ಕಥೆ ಉತ್ತರಿಸುವುದಿಲ್ಲ, ನಾವು ಹಿಂದಿನ ಪುಟಗಳಿಗೆ ಓಡುತ್ತೇವೆ.

ಈ ಭಯಕ್ಕೆ ಬೇರು ಬದುಕಿನಲ್ಲಿದೆ. 1887ರಲ್ಲಿ ಗಿಲ್ಮನ್ ಫಿಲಡೆಲ್ಫಿಯದ ನರವೈದ್ಯ ವೀರ್ ಮಿಚೆಲ್‌ನ ವಿಶ್ರಾಂತಿ ಚಿಕಿತ್ಸೆಗೆ ಒಳಗಾದಳು. ದಿನಕ್ಕೆ ಎರಡು ಗಂಟೆ ಮಾತ್ರ ಬೌದ್ಧಿಕ ಚಟುವಟಿಕೆ, ಬದುಕಿರುವವರೆಗೆ ಲೇಖನಿ ಕುಂಚ ಮುಟ್ಟಬಾರದು ಎಂದು ಹೇಳಿ ಅವಳನ್ನು ಮನೆಗೆ ಕಳಿಸಲಾಯಿತು. ಹುಚ್ಚಿನ ಅಂಚಿನವರೆಗೆ ಹೋಗಿ, ಬರವಣಿಗೆಯನ್ನು ಮರಳಿ ಹಿಡಿದು ತಾನು ಉಳಿದುಕೊಂಡೆನೆಂದು 1913ರ ಲೇಖನದಲ್ಲಿ ಅವಳು ಹೇಳಿಕೊಂಡಿದ್ದಾಳೆ. ನಿರೂಪಕಿಯ ಪ್ರತಿ ಮೊಟಕು ವಾಕ್ಯವೂ ಹಾಗೆ ಉಳಿಯಲು ಮಾಡಿದ ಪ್ರಯತ್ನವಾಗಿ ಕೇಳುತ್ತದೆ.

ವಿಲಿಯಂ ಫಾಕ್ನರ್‌ನ ‘ಎ ರೋಸ್ ಫಾರ್ ಎಮಿಲಿ’ (1930) ಇನ್ನೂ ಮುಂದೆ ಹೋಗುತ್ತದೆ. ಇಲ್ಲಿ ಹೇಳುವುದು ‘ನಾವು’: ಮಿಸಿಸಿಪಿಯ ಜೆಫರ್ಸನ್ ಎಂಬ ಕಲ್ಪಿತ ಊರಿಗೆ ಊರೇ. ಎಮಿಲಿಯ ಅಂತ್ಯಕ್ರಿಯೆಯಿಂದ ಶುರುವಾಗುವ ಕಥೆ ಐದು ಭಾಗಗಳಲ್ಲಿ ಹಿಂದೆ ಮುಂದೆ ಓಡಾಡುತ್ತದೆ. ಜಗಲಿಕಟ್ಟೆಯ ಹರಟೆಯಂತೆ ಒಂದು ನೆನಪು ಇನ್ನೊಂದನ್ನು ಎಳೆತರುತ್ತದೆ. ಈ ಓಡಾಟದಲ್ಲಿಯೇ ಕಥೆಯ ಗುಟ್ಟಿದೆ. ಮನೆಯಿಂದ ದುರ್ವಾಸನೆ ಬಂತು, ನಾಲ್ವರು ನಡುರಾತ್ರಿ ಕದ್ದು ಹೋಗಿ ಸುಣ್ಣ ಚೆಲ್ಲಿ ಬಂದರು. ಅವಳು ಪಾಷಾಣ ಕೊಂಡಳು. ಯಾತಕ್ಕೆಂದು ಹೇಳದಿದ್ದರೂ ಅಂಗಡಿಯವನು ಕೊಟ್ಟ. ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ, ಹಾಗಾದರೆ ಒಳ್ಳೆಯದೇ ಎಂದು ಊರು ಮಾತಾಡಿಕೊಂಡಿತು. ಅವಳ ಪ್ರಿಯ ಹೋಮರ್ ಬ್ಯಾರನ್ ಒಂದು ಸಂಜೆ ಅಡುಗೆಮನೆಯ ಬಾಗಿಲಿಂದ ಒಳಗೆ ಹೋದವನು ಮತ್ತೆ ಕಾಣಲಿಲ್ಲ. ಇವನ್ನು ಸಾಲಾಗಿ ಇಟ್ಟರೆ ಮಗುವಿಗೂ ಅರ್ಥವಾಗುತ್ತದೆ. ಸಾಲು ತಪ್ಪಿಸಿದ್ದರಿಂದಲೇ ಊರು ಏನೂ ಅರಿಯದಂತೆ ಇರಬಲ್ಲದು. ಎಮಿಲಿಯ ದೇಹ ಮಣ್ಣು ಸೇರಿದ ಮೇಲೆ, ನಲವತ್ತು ವರ್ಷಗಳಿಂದ ಯಾರೂ ನೋಡದ ಕೋಣೆಯೊಂದು ಮಹಡಿಯಲ್ಲಿದೆಯೆಂದೂ ಅದನ್ನು ಒಡೆದೇ ತೆರೆಯಬೇಕೆಂದೂ ತಮಗೆ ಆಗಲೇ ಗೊತ್ತಿತ್ತೆಂದು ‘ನಾವು’ ಬಾಯಿಬಿಡುತ್ತದೆ. ಆ ಕೋಣೆಯಲ್ಲಿ ಹೋಮರ್‌ನ ಶವದ ಪಕ್ಕದ ದಿಂಬಿನ ಮೇಲೆ ಸಿಗುವ, ಕಬ್ಬಿಣದ ಬೂದುಬಣ್ಣದ ಒಂದು ಕೂದಲು ಎಮಿಲಿಯ ಗುಟ್ಟನ್ನು ಹೇಳಿದರೆ, ಈ ಒಪ್ಪಿಗೆ ಊರಿನ ಗುಟ್ಟನ್ನು ಹೇಳುತ್ತದೆ.

ಈ ಮೂವರು ಬರಹಗಾರರೂ ಮನೆಯನ್ನು ಕಟ್ಟಿದ್ದು ಮಾತಿನಿಂದ. ಅಷರ್ ಮನೆಯ ಬಿರುಕು ನಿರೂಪಕನ ವಿವೇಕದಲ್ಲಿಯೂ ಇದೆ. ಹಳದಿ ಕಾಗದ ಹರಿದಾಗ ಜಾನ್‌ನ ಮಾತೂ ಹರಿಯುತ್ತದೆ. ಎಮಿಲಿಯ ಬೀಗ ಊರಿನ ಬಾಯಿಗೂ ಬಿದ್ದಿದೆ. ದೆವ್ವವನ್ನು ನಂಬದ ಓದುಗನನ್ನೂ ಇವು ಅಲುಗಿಸುವುದು ಇದಕ್ಕೇ. ಕಂಡದ್ದಕ್ಕೆ ಒಳ್ಳೆಯ ಕಾರಣ ಹುಡುಕಿ ಮುಚ್ಚಳ ಬಿಗಿಯುವುದು, ನಮ್ಮ ನೋವನ್ನು ಇನ್ನೊಬ್ಬರ ಮಾತಿನಲ್ಲಿ ಹೇಳುವುದು, ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರೂ ಕೇಳದಿರುವುದು ಯಾವ ಕಾಲದ, ಯಾವ ಊರಿನ ಮನುಷ್ಯರಿಗೂ ಹೊಸದಲ್ಲ. ಆದ್ದರಿಂದ ಈ ಕಥೆಗಳನ್ನು ಎರಡು ಬಾರಿ ಓದಬೇಕು: ಮೊದಲು ಏನಾಯಿತೆಂದು ತಿಳಿಯಲು, ಆಮೇಲೆ ಹೇಳುತ್ತಿದ್ದವರು ಎಲ್ಲೆಲ್ಲಿ ತಡವರಿಸಿದರೆಂದು ಕಿವಿಗೊಟ್ಟು ಕೇಳಲು. ಗಾಥಿಕ್ ಕಥೆಯ ಸವಿ ಪೂರ್ತಿ ದಕ್ಕುವುದು ಈ ಎರಡನೆಯ ಓದಿಗೆ.