ಅಲಂಕಾರ: ‘ಸಾಕು’ ಎಂಬುದರಿಂದ ಬಂದ ಮಾತು

ಮದುವೆಯ ಮಂಟಪಕ್ಕೆ ಅಲಂಕಾರ, ಕಾವ್ಯಕ್ಕೆ ಅಲಂಕಾರ, ಸಂಗೀತಾಭ್ಯಾಸಿಯ ಮೊದಲ ಪಾಠಗಳಲ್ಲಿಯೂ ಅಲಂಕಾರ. ಎಲ್ಲೆಡೆಯೂ ಅದು ಇರುವುದರ ಮೇಲೆ ಹೆಚ್ಚಿಗೆ ಹೇರಿದ ಚೆಲುವು ಎಂಬುದು ರೂಢಿಯ ತಿಳಿವಳಿಕೆ. ಪದದ ಮೂಲವನ್ನು ಪರಿಶೀಲಿಸಿದಾಗ ಈ ತಿಳಿವಳಿಕೆ ನಿಲ್ಲುವುದಿಲ್ಲ.

‘ಅಲಂ’ ಎಂಬ ಅವ್ಯಯಕ್ಕೆ ಅಮರಕೋಶವು ನಾಲ್ಕು ಅರ್ಥಗಳನ್ನು ಹೇಳುತ್ತದೆ: ಭೂಷಣ, ಪರ್ಯಾಪ್ತಿ, ಶಕ್ತಿ, ವಾರಣ. ಪರ್ಯಾಪ್ತಿಯೆಂದರೆ ಬೇಕಾದಷ್ಟು ಇರುವುದು. ವಾರಣವೆಂದರೆ ‘ಇನ್ನು ಸಾಕು’ ಎಂದು ತಡೆಯುವುದು. ಋಗ್ವೇದದಲ್ಲಿ ಇದರ ಹಳೆಯ ರೂಪವಾದ ‘ಅರಂ’ ಎಂಬುದು ‘ಕೃ’ ಧಾತುವಿನೊಡನೆ ಸೇರಿ, ಅಣಿಗೊಳಿಸು, ಸಿದ್ಧಪಡಿಸು ಎಂಬ ಅರ್ಥವನ್ನು ಕೊಡುತ್ತದೆ. ಪಾಣಿನಿಯ ಕಾಲಕ್ಕಾಗಲೇ ಭೂಷಣದ ಅರ್ಥವೂ ನೆಲೆಗೊಂಡಿತ್ತು. ಅದಕ್ಕೆಂದೇ ಆತನು ಪ್ರತ್ಯೇಕ ಸೂತ್ರವನ್ನು ರಚಿಸಿದ್ದಾನೆ. ಆದರೂ ಒಂದು ವಸ್ತುವನ್ನು ಅದರ ಕಾರ್ಯಕ್ಕೆ ಸಾಲುವಂತೆ ಮಾಡುವುದೇ ಅಲಂಕಾರದ ಮೊದಲ ಅರ್ಥವೆಂದು ಡಚ್ ವಿದ್ವಾಂಸ ಯಾನ್ ಗೊಂಡಾ 1939ರಲ್ಲಿ ವಾದಿಸಿದುದು ಒಪ್ಪತಕ್ಕದ್ದು.

ಈ ಹಳೆಯ ಅರ್ಥವನ್ನು ಇಂದಿಗೂ ಉಳಿಸಿಕೊಂಡಿರುವುದು ಸಂಗೀತವೇ. ಕರ್ನಾಟಕ ಸಂಗೀತದಲ್ಲಿ ಸಪ್ತತಾಳಗಳ ಅಲಂಕಾರಗಳನ್ನು ಸಾಧಿಸಿದ ಮೇಲೆಯೇ ಗೀತೆಯ ಪಾಠ. ಅಲ್ಲಿ ಅಲಂಕಾರವು ಹಾಡಿಗೆ ತೊಡಿಸುವ ಒಡವೆಯಲ್ಲ, ಕಂಠವನ್ನು ಹಾಡಿಗೆ ಸಿದ್ಧಪಡಿಸುವ ಸಾಧನೆ.

ಕಾವ್ಯಶಾಸ್ತ್ರದಲ್ಲಿ ಮಾತ್ರ ಪಟ್ಟಿ ಬೆಳೆಯುತ್ತ ಹೋಯಿತು. ನಾಟ್ಯಶಾಸ್ತ್ರದಲ್ಲಿ ಉಪಮೆ, ರೂಪಕ, ದೀಪಕ, ಯಮಕ ಎಂದು ನಾಲ್ಕೇ ಇದ್ದವು. ದಂಡಿಯಲ್ಲಿ ಅರ್ಥಾಲಂಕಾರಗಳೇ 35. ಅಪ್ಪಯ್ಯ ದೀಕ್ಷಿತರ ಕುವಲಯಾನಂದದಲ್ಲಿ ನೂರನ್ನೂ ಮೀರಿದವು. ವ್ಯಾಪಾರಿಯಾದವನು ಇದನ್ನು ಕಂಡರೆ, ದಾಸ್ತಾನು ಹೆಚ್ಚಿತು, ವಿಕ್ರಯ ಕುಂದಿತು ಎಂದಾನು. ಇಲ್ಲಿ ಕವಿರಾಜಮಾರ್ಗದ ಒಂದು ವಿವೇಕವನ್ನು ಗಮನಿಸಬೇಕು. ನೃಪತುಂಗನ ಆಸ್ಥಾನದ ಶ್ರೀವಿಜಯನು ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದವನೇ ಹೌದು. ಆದರೆ ದಂಡಿಯು ಕೊನೆಯ ಪರಿಚ್ಛೇದಕ್ಕೆ ಇರಿಸಿದ ದೋಷವಿಚಾರವನ್ನು ಆತನು ಮೊದಲ ಪರಿಚ್ಛೇದಕ್ಕೆ ತಂದಿದ್ದಾನೆ. ಶಬ್ದಾಲಂಕಾರ, ಅರ್ಥಾಲಂಕಾರಗಳು ಆಮೇಲಿನವು. ಮೊದಲು ಕುಂದನ್ನು ಕಳೆಯಬೇಕು, ಅನಂತರ ಒಡವೆಯ ಮಾತು. ಈ ಕ್ರಮವ್ಯತ್ಯಾಸಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ದಿಗಂಬರ ಸಂಪ್ರದಾಯದ ಜಿನಬಿಂಬಕ್ಕೆ ಕಿರೀಟವಿಲ್ಲ, ಹಾರವಿಲ್ಲ, ವಸ್ತ್ರವಿಲ್ಲ. ಛತ್ರ, ಚಾಮರ, ಪ್ರಭಾವಳಿಗಳು ಸುತ್ತಲೂ ಇರಬಹುದು; ಬಿಂಬವನ್ನು ಮುಟ್ಟುವುದಿಲ್ಲ. ಅದನ್ನು ಅಲಂಕಾರವಿಲ್ಲದ ಮೂರ್ತಿ ಎನ್ನುವುದು ವಾಡಿಕೆ. ಪರ್ಯಾಪ್ತಿಯ ಅರ್ಥದಲ್ಲಿ ನೋಡಿದರೆ ಆ ಮಾತು ಪೂರ್ತಿ ಸರಿಯಲ್ಲ: ತನಗೆ ತಾನೇ ಸಾಲುವ ಮೂರ್ತಿ ಅದು. ಹೊಸದಾಗಿ ಪ್ರತಿಷ್ಠೆಗೊಳ್ಳುವ ಬಸದಿಗಳ ಗರ್ಭಗೃಹದಲ್ಲಿ ಬಣ್ಣದ ದೀಪಗಳನ್ನೂ ಗಾಜಿನ ಕೆಲಸವನ್ನೂ ತುಂಬುವವರು ಈ ಭೇದವನ್ನು ಎಣಿಕೆಗೆ ತಂದುಕೊಂಡಂತಿಲ್ಲ.

ನಮ್ಮ ವರದಿಗಳಲ್ಲಿಯೂ ಅಭಿನಂದನಪತ್ರಗಳಲ್ಲಿಯೂ ಇಂಥವರು ‘ಅಧ್ಯಕ್ಷಪದವಿಯನ್ನು ಅಲಂಕರಿಸಿದರು’ ಎಂದು ಬರೆಯುವುದು ರೂಢಿ. ಹಾರ ತುರಾಯಿಗಳ ಅರ್ಥದಲ್ಲಿ ಅದು ಬರಿಯ ಉಪಚಾರ. ಹಳೆಯ ಅರ್ಥದಲ್ಲಿಯಾದರೆ, ಅವರು ಆ ಸ್ಥಾನದ ಕೆಲಸಕ್ಕೆ ಸಾಲುವಂತೆ ನಡೆದುಕೊಂಡರು ಎಂದಾಗುತ್ತದೆ. ಅದನ್ನು ಬರೆಯುವ ಮೊದಲು ಲೆಕ್ಕಪತ್ರವನ್ನು ನೋಡಬೇಕಾಗುತ್ತದೆ.