ಗುರುಗುಟ್ಟುವ ಪ್ರಣಯ

ಗಂಡು ಗಿನಿಪಿಗ್‌ನ ಪ್ರಣಯವನ್ನು ನೆಲದ ಮೇಲೆ ಕೂತೇ ನೋಡಬೇಕು. ಹಿಂಭಾಗವನ್ನು ಎಡಕ್ಕೂ ಬಲಕ್ಕೂ ತೂಗುತ್ತಾ, ಹೆಜ್ಜೆ ಎಳೆದೆಳೆದು ಇಡುತ್ತಾ ಹೆಣ್ಣನ್ನು ಸುತ್ತುಹಾಕುತ್ತದೆ. ಗಂಟಲಲ್ಲಿ, ದೂರದ ಪಂಪ್‌ಸೆಟ್‌ನ ಹಾಗೆ, ತಗ್ಗಿದ ಗುರುಗುರು. ಆ ಸದ್ದಿಗೆ ಮೈಯೆಲ್ಲ ನಡುಗುತ್ತದೆ. ಇಷ್ಟೆಲ್ಲ ಠೀವಿಗೆ ಹೆಣ್ಣು ಮನಸೋಲಬೇಕಲ್ಲ! ಮೂತಿ ಎತ್ತಿ ಹಲ್ಲು ಕಟಕಟ ಅನ್ನಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಹಿಂದಕ್ಕೆ ಮೂತ್ರ ಚಿಮ್ಮಿಸುತ್ತದೆ, ಅದೂ ನೇರ ಮುಖಕ್ಕೆ. ಬೆದೆಗೆ ಬರುವುದು ಸುಮಾರು 16 ದಿನಕ್ಕೊಮ್ಮೆ, ಕೆಲವೇ ಗಂಟೆ. ಉಳಿದ ದಿನ ಗಂಡಿನದು ಬರೀ ಅರ್ಜಿ.

ಎರಡು ಹೆಣ್ಣುಗಳ ನಡುವೆಯೂ ಈ ಗುರುಗುಟ್ಟು ಕೇಳಿಸುವುದುಂಟು. ಅಲ್ಲಿ ಯಜಮಾನಿಕೆ ಯಾರದೆಂಬ ಪ್ರಶ್ನೆಯೂ ಇರುತ್ತದೆ.

ನನಗೆ ಇನ್ನೂ ಇಷ್ಟ, ಒಗ್ಗಿಹೋದ ಜೋಡಿಯ ಸುಮ್ಮನಿರುವಿಕೆ. ಒಂದೇ ಹುಲ್ಲುಗುಪ್ಪೆಗೆ ಎರಡು ಮೂತಿ, ಆಮೇಲೆ ಮೈಗೆ ಮೈ ತಾಗಿಸಿ ನಿದ್ದೆ. ದಕ್ಷಿಣ ಅಮೆರಿಕದ ಗುಂಪುಜೀವಿಗಳ ವಂಶ ತಾನೆ! ಸ್ವಿಟ್ಜರ್ಲೆಂಡ್ 2008ರಲ್ಲಿ ತಂದ ನಿಯಮದಂತೆ ಅಲ್ಲಿ ಗಿನಿಪಿಗ್‌ಗಳನ್ನು ಒಂಟಿಯಾಗಿ ಸಾಕುವಂತಿಲ್ಲ. ಒಳ್ಳೆಯ ಕಾನೂನು. ಗಂಡು–ಹೆಣ್ಣು ಜೋಡಿಯೇ ಬೇಕೆಂದರೆ ಮಾತ್ರ ಗಂಡಿಗೆ ಮೊದಲು ಸಂತಾನಹರಣ ಮಾಡಿಸಿ, ಆಮೇಲೂ ಕೆಲವು ವಾರ ಬೇರೆಯೇ ಇಡಬೇಕು.