ಎಲ್ಲಾ ಸರಿ, ಆರೋಪಿ ಎಲ್ಲಿ?

ಮಿಲಿಟರಿ ಕೋರ್ಟಿನ ಸಿನಿಮಾ ಅಂದ್ರೆ ನಮ್ಮ ತಲೆಗೆ ಬರೋದು ಒಂದೇ ದೃಶ್ಯ. ಸಮವಸ್ತ್ರದ ವಕೀಲ ದನಿ ಏರಿಸ್ತಾನೆ, ಕಟಕಟೆಯಲ್ಲಿರೋ ದೊಡ್ಡ ಅಧಿಕಾರಿ ಕೆರಳಿ ಎಲ್ಲವನ್ನೂ ಒದರಿಬಿಡ್ತಾನೆ, ಅಲ್ಲಿಗೆ ಕೇಸು ಖತಂ. ರಾಬ್ ರೈನರ್ ನಿರ್ದೇಶನದ ‘ಅ ಫ್ಯೂ ಗುಡ್ ಮೆನ್’ (1992) ಈ ಅಚ್ಚನ್ನು ಜನಪ್ರಿಯ ಮಾಡಿತು. ಸಮರ್ ಖಾನ್ ಅವರ ಹಿಂದಿ ಚಿತ್ರ ‘ಶೌರ್ಯ’ (2008) ಅದೇ ಅಚ್ಚಿನದು. ಕೊನೆಯಲ್ಲಿ ಬ್ರಿಗೇಡಿಯರ್ ಆಗಿ ಕೆ.ಕೆ. ಮೆನನ್ ಸಿಡಿಯುವ ದೃಶ್ಯವನ್ನು ಈಗಲೂ ಹುಡುಕಿಕೊಂಡು ನೋಡೋರಿದ್ದಾರೆ. ನಟನೆಯ ಬಗ್ಗೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ: ಇಷ್ಟೆಲ್ಲ ಗದ್ದಲದಲ್ಲಿ ಆರೋಪಿ ಎಲ್ಲಿ?

‘ಶೌರ್ಯ’ದ ಆರೋಪಿ ಕ್ಯಾಪ್ಟನ್ ಜಾವೇದ್ ಖಾನ್. ತನ್ನ ಮೇಲಧಿಕಾರಿಯನ್ನು ಕೊಂದ ಆರೋಪ ಅವನ ಮೇಲಿದೆ. ದೀಪಕ್ ದೋಬ್ರಿಯಾಲ್ ಆ ಪಾತ್ರವನ್ನು ಮೌನದಲ್ಲೇ ಹಿಡಿದಿದ್ದಾರೆ, ಚೆನ್ನಾಗಿದೆ. ಆದರೆ ಕಥೆ ನಡೆಯೋದು ವಕೀಲನದ್ದು: ಮೊದಲು ಉಡಾಫೆ, ಆಮೇಲೆ ಆತ್ಮಸಾಕ್ಷಿ. ತಪ್ಪೆಲ್ಲ ಒಬ್ಬ ಕೆಟ್ಟ ಬ್ರಿಗೇಡಿಯರ್ ತಲೆಗೆ ಹೋಗುತ್ತೆ, ವ್ಯವಸ್ಥೆ ಇಸ್ತ್ರಿ ಮಾಡಿದ ಅಂಗಿ ಹಾಗೆ ಹೊರಗೆ ಬರುತ್ತೆ. ಹಾಲಿವುಡ್ ಚಿತ್ರ ಇದಕ್ಕಿಂತ ಪ್ರಾಮಾಣಿಕ. ಅಲ್ಲಿ ಇಬ್ಬರು ಸೈನಿಕರು ಆದೇಶದಂತೆ ಜೊತೆಗಾರನ ಮೇಲೆ ಹಲ್ಲೆ ಮಾಡಿ, ಅವನು ಸಾಯ್ತಾನೆ. ಕೊಲೆ ಆರೋಪದಿಂದ ಬಿಡುಗಡೆಯಾದರೂ ಅವರ ನೌಕರಿ ಹೋಗುತ್ತೆ. ಮೇಲಿನವನ ಆದೇಶ ಪಾಲಿಸಿದವನ ಹೊಣೆ ಎಷ್ಟು ಅನ್ನೋ ಪ್ರಶ್ನೆಯನ್ನು ಆ ಚಿತ್ರ ಕೈಬಿಡಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಜಾವೇದ್ ಅಧಿಕಾರಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಿಂದ ಸೇನೆಗೆ ಹೋಗೋ ಹುಡುಗರು ಹೆಚ್ಚಾಗಿ ಸಿಪಾಯಿಗಳಾಗಿ ಹೋಗ್ತಾರೆ. ಸಿನಿಮಾ ತೋರಿಸುವ ದೊಡ್ಡ ಕೋರ್ಟ್ ಮಾರ್ಷಲ್‌ನಲ್ಲಿ ಐದು ಅಧಿಕಾರಿಗಳಾದರೂ ಕೂರಬೇಕು, ಆರೋಪಿಗೆ ವಾದ ಮಾಡುವ ಅಧಿಕಾರಿ ಅಥವಾ ವಕೀಲ ಇರಬಹುದು. ಸಿಪಾಯಿಯನ್ನು ಮಾತ್ರ ‘ಸಮರಿ ಕೋರ್ಟ್ ಮಾರ್ಷಲ್’ ಮುಂದೆ ನಿಲ್ಲಿಸಬಹುದು. ಅಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬನೇ ನ್ಯಾಯಾಲಯ. ಆತ ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನವನಾದರೆ ಒಂದು ವರ್ಷದವರೆಗೆ ಜೈಲು ಕೊಡಬಹುದು, ನೌಕರಿಯಿಂದ ವಜಾನೂ ಮಾಡಬಹುದು. ಆರೋಪಿ ವಕೀಲನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು, ಆದರೆ 1954ರ ಸೇನಾ ನಿಯಮಗಳ ಪ್ರಕಾರ ಅವನು ಕಿವಿಯಲ್ಲಿ ಸಲಹೆ ಹೇಳಬೇಕಷ್ಟೆ. ಸಾಕ್ಷಿಯನ್ನು ಪ್ರಶ್ನಿಸುವಂತಿಲ್ಲ, ಕೋರ್ಟನ್ನು ಉದ್ದೇಶಿಸಿ ಒಂದು ಮಾತೂ ಆಡುವಂತಿಲ್ಲ. ನಮ್ಮ ಹೀರೋ ವಕೀಲನನ್ನು ಅಲ್ಲಿ ಕೂರಿಸಿ ನೋಡಿ. ಕ್ಲೈಮ್ಯಾಕ್ಸೇ ಇಲ್ಲ!

ಹಲ್ಲೆಯ ಕಾನೂನೇ ನೋಡಿ. 1950ರ ಸೇನಾ ಕಾಯ್ದೆಯ 40ನೇ ಕಲಂ ಪ್ರಕಾರ, ಕೆಲಸದಲ್ಲಿರೋ ಮೇಲಧಿಕಾರಿ ಮೇಲೆ ಕೈ ಮಾಡಿದವನಿಗೆ 14 ವರ್ಷದವರೆಗೆ ಜೈಲು. ಮೇಲಿನವನು ಕೆಳಗಿನವನಿಗೆ ಹೊಡೆದರೆ, 47ನೇ ಕಲಂ ಪ್ರಕಾರ, ಹೆಚ್ಚೆಂದರೆ 7 ವರ್ಷ. ಶಿಸ್ತಿಲ್ಲದೆ ಸೇನೆ ನಡೆಯಲ್ಲ, ಗಡಿಯಲ್ಲಿ ವರ್ಷಗಟ್ಟಲೆ ವಿಚಾರಣೆ ಮಾಡ್ಕೊಂಡು ಕೂರೋಕಾಗಲ್ಲ ಅನ್ನೋ ವಾದ ನನಗೂ ಒಪ್ಪಿಗೆ. ಆದರೆ ಶಿಸ್ತಿನ ಹೆಸರಲ್ಲಿ ಏನೆಲ್ಲ ಆಗಬಹುದು ಅನ್ನೋದಕ್ಕೆ ಯಾವ ಚಿತ್ರಕಥೆಗಿಂತಲೂ ಗಟ್ಟಿಯಾದ ಒಂದು ಕೇಸಿದೆ.

ರಂಜಿತ್ ಠಾಕೂರ್ ಒಬ್ಬ ಸಿಗ್ನಲ್‌ಮನ್. ತನ್ನ ಕಮಾಂಡಿಂಗ್ ಆಫೀಸರ್ ಹಿಂಸೆ ಕೊಡ್ತಿದ್ದಾರೆ ಅಂತ ನೇರವಾಗಿ ಮೇಲಿನವರಿಗೆ ದೂರು ಬರೆದ. ದಾರಿ ತಪ್ಪಿ ಬರೆದದ್ದಕ್ಕೆ 28 ದಿನ ಕಠಿಣ ಸಜೆ. ಆ ಸಜೆಯಲ್ಲಿರುವಾಗ ಊಟ ಮಾಡು ಅಂದರೆ ಮಾಡಲಿಲ್ಲ ಅನ್ನೋದು 1985ರ ಹೊಸ ಆರೋಪ. ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ಕೂತದ್ದು, ಯಾರ ಮೇಲೆ ಅವನು ದೂರು ಕೊಟ್ಟಿದ್ದನೋ ಅದೇ ಅಧಿಕಾರಿ. ಒಂದು ವರ್ಷ ಜೈಲು, ಜೊತೆಗೆ ವಜಾ. 1987ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ರದ್ದು ಮಾಡಿ ಅವನನ್ನು ಮರಳಿ ಕೆಲಸಕ್ಕೆ ಸೇರಿಸಿತು. ಪಕ್ಷಪಾತ ಇತ್ತು, ತಪ್ಪಿಗೂ ಶಿಕ್ಷೆಗೂ ತಾಳಮೇಳ ಇರಲಿಲ್ಲ ಅಂತ ತೀರ್ಪು ಬರೆದವರು ನಮ್ಮವರೇ ಆದ ಎಂ.ಎನ್. ವೆಂಕಟಾಚಲಯ್ಯ. ಇಲ್ಲಿ ಯಾರೂ ಕೂಗಾಡಲಿಲ್ಲ, ಯಾವ ಖಳನೂ ತಪ್ಪೊಪ್ಪಿಕೊಳ್ಳಲಿಲ್ಲ. ಗೆದ್ದದ್ದು ಒಂದು ಸರಳ ಪ್ರಶ್ನೆ: ದೂರಿಗೆ ಗುರಿಯಾದವನೇ ನ್ಯಾಯಾಧೀಶ ಆಗಬಹುದೇ?

2009ರಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕೆಲಸ ಮಾಡ್ತಿದೆ. ಒಳ್ಳೆಯದೇ. ಆದರೆ ಸಮರಿ ಕೋರ್ಟ್ ಮಾರ್ಷಲ್ ಶಿಕ್ಷೆ ವಜಾ ಆಗಿರದೆ, ಮೂರು ತಿಂಗಳು ಮೀರದ ಜೈಲಾಗಿದ್ದರೆ ಆ ಮಂಡಳಿಯ ಬಾಗಿಲು ತೆರೆಯಲ್ಲ. ದಕ್ಷಿಣದಲ್ಲಿ ಅದರ ಪೀಠಗಳಿರೋದು ಚೆನ್ನೈ, ಕೊಚ್ಚಿಯಲ್ಲಿ. ಅರಕಲಗೂಡಿನ ಕೋರ್ಟಿನಲ್ಲಿ ಜಮೀನಿನ ವ್ಯಾಜ್ಯ ನೋಡೋ ವಕೀಲರನ್ನು ಬಿಟ್ಟು ಬೇರೆ ಯಾರೂ ಗೊತ್ತಿಲ್ಲದ ಅಪ್ಪ-ಅಮ್ಮ ಈ ದಾರಿಯನ್ನು ಯಾರ ಹತ್ರ ಕೇಳಬೇಕು?

2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಪಾತಕ್ಕೆ ಸಿಕ್ಕಿ ಹಾಸನದ ತೇಜೂರಿನ ಸುಬೇದಾರ್ ನಾಗೇಶ್ ತೀರಿಕೊಂಡರು. ಜಿಲ್ಲೆಗೆ ಜಿಲ್ಲೆಯೇ ಕಣ್ಣೀರಿಟ್ಟಿತು, ಇಡಲೇಬೇಕಿತ್ತು. ಸತ್ತ ಸೈನಿಕನಿಗೆ ತಲೆಬಾಗೋದು ನಮಗೆ ಗೊತ್ತು. ಆರೋಪ ಹೊತ್ತು ಒಬ್ಬನೇ ನಿಂತ ಸೈನಿಕನ ಪಕ್ಕ ನಿಲ್ಲೋದು ಹೇಗೆ ಅಂತ ನಮಗೆ ಯಾರೂ ಕಲಿಸಿಲ್ಲ, ಸಿನಿಮಾ ಅಂತೂ ಕಲಿಸಿಲ್ಲ. ಹಾಗೆ ನಿಲ್ಲೋದು ಅಂದ್ರೆ ಅವನು ನಿರಪರಾಧಿ ಅಂತ ಘೋಷಿಸೋದಲ್ಲ, ಅವನ ಮಾತನ್ನೂ ಯಾರಾದರೂ ಪೂರ್ತಿ ಕೇಳಲಿ ಅನ್ನೋದು ಅಷ್ಟೆ. ಸಿಪಾಯಿಯೇ ನಡುವೆ ಇರುವ, ಬಾಯಿ ಕಟ್ಟಿದ ವಕೀಲ ಪಕ್ಕದಲ್ಲಿ ಕೂತಿರುವ ಒಂದು ಸಿನಿಮಾವನ್ನು ಯಾರಾದರೂ ಕನ್ನಡದಲ್ಲಿ ಮಾಡಲಿ. ಮೊದಲ ದಿನವೇ ಟಿಕೆಟ್ ತಗೋತೀನಿ.